ದಾನಚಿಂತಾಮಣಿ ಅತ್ತಿಮಬ್ಬೆ: ವೈಧವ್ಯದ ನಂತರವೂ ಬೆಳಗಿದ ಬದುಕು

ಅತ್ತಿಮಬ್ಬೆಯವರ ಹೆಸರು ಕೇಳದ ಜೈನ ಮನೆ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಅವರು ಮಾಡಿದ ದಾನದ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಆ ದಾನವೆಲ್ಲ ಗಂಡನನ್ನು ಕಳೆದುಕೊಂಡ ಮೇಲೆ ಒಬ್ಬ ವಿಧವೆ ಮಾಡಿದ ಕೆಲಸ ಎನ್ನುವುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

10ನೇ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬದುಕಿದ್ದವರು ಅತ್ತಿಮಬ್ಬೆ. ತಂದೆ ಮಲ್ಲಪಯ್ಯ, ತಾಯಿ ಅಪ್ಪಕಬ್ಬೆ. ಮಲ್ಲಪಯ್ಯ ಮತ್ತು ಅವರ ತಮ್ಮ ಪುನ್ನಮಯ್ಯ ಇಬ್ಬರೂ ಶೂರರು, ವಿದ್ಯೆಗೆ ಆಶ್ರಯ ಕೊಟ್ಟವರು. ತಮ್ಮ ಗುರು ಜಿನಚಂದ್ರ ಮುನಿಗಳ ಸ್ಮರಣೆಗಾಗಿ ಪೊನ್ನ ಕವಿಯಿಂದ 'ಶಾಂತಿಪುರಾಣ' ಬರೆಸಿದವರು ಈ ಅಣ್ಣತಮ್ಮಂದಿರೇ. ಇಂಥ ಮನೆಯಲ್ಲಿ ಬೆಳೆದ ಅತ್ತಿಮಬ್ಬೆಯವರನ್ನೂ ತಂಗಿ ಗುಂಡಮಬ್ಬೆಯವರನ್ನೂ ಚಾಲುಕ್ಯ ದೊರೆ ತೈಲಪನ ಮಂತ್ರಿ ದಲ್ಲಪನ ಮಗ ನಾಗದೇವನಿಗೆ ಕೊಟ್ಟು ಮದುವೆ ಮಾಡಿದರು. ಅತ್ತಿಮಬ್ಬೆಯವರಿಗೆ ಅಣ್ಣಿಗದೇವ ಎಂಬ ಮಗ ಹುಟ್ಟಿದನು.

ಒಂದೇ ಮನೆ, ಎರಡು ದಾರಿ

ನಾಗದೇವ ಯುದ್ಧದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಗಂಡನ ಚಿತೆಯನ್ನೇರಿ ಸಹಗಮನ ಮಾಡಿದರು. ಒಂದೇ ಸಲ ಗಂಡನನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯವರ ಕೈಯಲ್ಲಿ ಎಳೆಯ ಮಗನಿದ್ದನು. ಅವರು ಬದುಕುವ ದಾರಿ ಹಿಡಿದರು.

ಆ ಕಾಲದಲ್ಲಿ ಇದು ಸುಲಭದ ಮಾತಲ್ಲ. ಸಹಗಮನ ಮಾಡಿದವರಿಗೆ ಕಲ್ಲು ನೆಟ್ಟು ಪೂಜಿಸುತ್ತಿದ್ದ ದಿನಗಳವು. ಆದರೆ ನಮ್ಮ ಧರ್ಮ ಬೆಂಕಿಗೆ ಬೀಳುವುದನ್ನು ಪುಣ್ಯವೆನ್ನುವುದಿಲ್ಲ. ಸಮಂತಭದ್ರ ಆಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಅದನ್ನು ಲೋಕಮೂಢತೆಯ ಸಾಲಿಗೆ ಸೇರಿಸಿದ್ದಾರೆ. ವ್ರತ, ಸ್ವಾಧ್ಯಾಯ, ದಾನಗಳಿಂದ ಕರ್ಮ ಕಳೆದುಕೊಳ್ಳುವುದೇ ಶ್ರಾವಕಿಯ ದಾರಿ. ಅತ್ತಿಮಬ್ಬೆ ಆ ದಾರಿಯಲ್ಲೇ ನಡೆದರು. ಮಗನನ್ನು ಬೆಳೆಸಿದರು. ಅವನು ದೊಡ್ಡವನಾಗಿ ಚಾಲುಕ್ಯರ ಆಡಳಿತದಲ್ಲಿ ಹೆಸರು ಮಾಡಿದನು.

ಸಮಾಜ ಕೊಟ್ಟ ಗೌರವ

ಇಲ್ಲಿ ಅಂದಿನ ಜೈನ ಸಮಾಜವನ್ನೂ ನೆನೆಯಬೇಕು. ವಿಧವೆಯೆಂದು ಅವರನ್ನು ಯಾರೂ ಮೂಲೆಗೆ ಕೂರಿಸಲಿಲ್ಲ. ಅವರು ಮಾಡಿಸಿದ ಜಿನಬಿಂಬಗಳು ಮನೆಮನೆ ಸೇರಿದವು. ಅವರ ಹೆಸರಿನಲ್ಲೇ ಬಸದಿ ಎದ್ದಿತು, ಮುನಿಗಳು ಅವರ ದಾನ ಸ್ವೀಕರಿಸಿದರು, ರಾಜಮನೆತನ ಮರ್ಯಾದೆ ಕೊಟ್ಟಿತು. ಈ ಆಸರೆಯನ್ನು ಅವರು ನೂರು ಪಟ್ಟು ಮಾಡಿ ಸಮಾಜಕ್ಕೆ ಹಿಂದಿರುಗಿಸಿದರು.

ಪೊನ್ನನ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಬರೆಸಿ ಹಂಚಿದರು. ಆಗ ಅಚ್ಚಿನ ಯಂತ್ರ ಇರಲಿಲ್ಲ. ತಾಳೆಗರಿ ತರಿಸಿ, ಹದ ಮಾಡಿಸಿ, ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಸಬೇಕು. ಬರೆಯುವವರ ಊಟ, ವಸತಿ, ಕೂಲಿ ನೋಡಬೇಕು. ಒಂದು ಪ್ರತಿಗೇ ಬಹಳ ದಿನ ಹಿಡಿಯುವಾಗ 1000 ಪ್ರತಿಯೆಂದರೆ ಎಷ್ಟು ಜನರ ದುಡಿಮೆ, ಎಷ್ಟು ಹಣ ಎಂದು ಊಹಿಸಬಹುದು. ಇದರ ಜೊತೆಗೆ ಚಿನ್ನ ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿ ದಾನ ಕೊಟ್ಟರು.

ಮುದುವೊಳಲಿನ, ಅಂದರೆ ಇಂದಿನ ಮುಧೋಳದ ಬಳೆಗಾರರ ಮನೆಯ ರನ್ನನಿಗೆ ಆಶ್ರಯ ಕೊಟ್ಟವರೂ ಅವರೇ. ರನ್ನ 993ರಲ್ಲಿ 'ಅಜಿತಪುರಾಣ' ಬರೆದು ಅವರ ಗುಣಗಳನ್ನು ಹಾಡಿದನು. ತನ್ನ ಮಗಳಿಗೂ ಅತ್ತಿಮಬ್ಬೆ ಎಂದೇ ಹೆಸರಿಟ್ಟನು. ಆ ಕಾಲದಲ್ಲಿ ಒಬ್ಬ ತಂದೆ ಮಗಳಿಗೆ ವಿಧವೆಯೊಬ್ಬರ ಹೆಸರಿಟ್ಟನೆಂದರೆ, ಅವರ ಮೇಲೆ ಎಷ್ಟು ಗೌರವವಿತ್ತು ಎಂಬುದು ತಿಳಿಯುತ್ತದೆ.

ಲಕ್ಕುಂಡಿಯ ಬಸದಿ

ಲಕ್ಕುಂಡಿಯ ಬ್ರಹ್ಮ ಜಿನಾಲಯ ಅತ್ತಿಮಬ್ಬೆಯವರು ಕಟ್ಟಿಸಿದ್ದು. ಸತ್ಯಾಶ್ರಯ ಇರಿವಬೆಡಂಗನ ಕಾಲದ 1007ರ ಶಾಸನ ಇದನ್ನು ಹೇಳುತ್ತದೆ. ಬಸದಿಯ ಖರ್ಚಿಗಾಗಿ ಭೂಮಿಯನ್ನು ಅರ್ಹಣಂದಿ ಪಂಡಿತರಿಗೆ ವಹಿಸಿದರು. ಕಟ್ಟಿಸಿ ಬಿಟ್ಟರೆ ಸಾಲದು, ಮುಂದೆ ನಡೆಯುವಂತೆ ಆದಾಯವೂ ಇರಬೇಕು ಎಂಬ ಮುಂದಾಲೋಚನೆ ಅವರದು. ಹುಬ್ಬಳ್ಳಿಯ ಕಮರಿಪೇಟೆಯಿಂದ ಗದಗ ಮಾರ್ಗವಾಗಿ ಹೊರಟರೆ ಲಕ್ಕುಂಡಿ ಸುಮಾರು 70 ಕಿ.ಮೀ. ಮಕ್ಕಳನ್ನು ಕರೆದುಕೊಂಡು ಒಂದು ದಿನದಲ್ಲಿ ದರ್ಶನ ಮಾಡಿ ಬರಬಹುದು.

ನಮ್ಮ ಕರ್ತವ್ಯ

ಇಂದು ಸಹಗಮನವಿಲ್ಲ. ಆದರೆ ಗಂಡ ತೀರಿದ ಮೇಲೆ ಮದುವೆ, ಸೀಮಂತ, ಪಂಚಕಲ್ಯಾಣಗಳಲ್ಲಿ ತಾನಾಗಿಯೇ ಹಿಂದೆ ಸರಿದು ನಿಲ್ಲುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಅಂಗಡಿಯ ಲೆಕ್ಕ, ಬ್ಯಾಂಕಿನ ಕಾಗದಪತ್ರ ತಿಳಿಯದೆ ಒಬ್ಬರೇ ಕಷ್ಟಪಡುವವರೂ ಇದ್ದಾರೆ. ತಿಂಗಳ ದಿನಸಿ ಕಳಿಸುವುದು ಒಳ್ಳೆಯದೇ. ಅದರ ಜೊತೆಗೆ ಅವರ ಕೈಗೊಂದು ಕೆಲಸ, ಮಕ್ಕಳ ಓದಿಗೆ ಆಸರೆ, ಬಸದಿಯ ಕಾರ್ಯಗಳಲ್ಲಿ ಮುಂದಿನ ಸಾಲಿನಲ್ಲಿ ಜಾಗ ಕೊಡಬೇಕು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಒಂಟಿಯಾದವರಿಗೆ ಮೊದಲು ಬೇಕಾದದ್ದು ಅಭಯ. ನಿಮ್ಮ ಜೊತೆ ನಾವಿದ್ದೇವೆ ಎಂದು ಹೇಳಿ ಹಾಗೆಯೇ ನಡೆದುಕೊಳ್ಳುವುದೇ ಅತ್ತಿಮಬ್ಬೆಯವರಿಗೆ ಸಲ್ಲಿಸುವ ನಿಜವಾದ ಗೌರವ.

ಜೈ ಜಿನೇಂದ್ರ.