ವಾಂಟೂ ಪರ್ವತದಲ್ಲಿ ಬಿದ್ದ ಟಾಮ್ ಸಿಂಪ್ಸನ್

ಕ್ರೀಡಾಳುವೊಬ್ಬ ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದ ಸುದ್ದಿ ಬಂದಾಗಲೆಲ್ಲ ಅವನನ್ನು ಮೋಸಗಾರನೆಂದು ಕರೆದು ನಾವು ಪುಟ ಮಗುಚಿಬಿಡುತ್ತೇವೆ. ಹಾಗೆ ಮಗುಚುವಾಗ ಒಮ್ಮೊಮ್ಮೆ ಟಾಮ್ ಸಿಂಪ್ಸನ್ನನ ನೆನಪಾಗುವುದುಂಟು. ಇಂಗ್ಲೆಂಡಿನ ಈ ಸೈಕಲ್ ಸವಾರನನ್ನು ಬರೇ ಮೋಸಗಾರನೆನ್ನಲು ನಮಗೆ ಮನಸ್ಸು ಬಾರದು. ನಿರ್ದೋಷಿಯೆನ್ನಲೂ ಆಗದು.

ಸಿಂಪ್ಸನ್ ಹುಟ್ಟಿದ್ದು 1937ರ ನವೆಂಬರ್ 30ರಂದು, ಡರಮ್ ಸೀಮೆಯ ಹ್ಯಾಸ್ವೆಲ್‌ನಲ್ಲಿ. ತಂದೆ ಕಲ್ಲಿದ್ದಲ ಗಣಿಯ ಕಾರ್ಮಿಕ. ಆರು ಮಕ್ಕಳಲ್ಲಿ ಇವನೇ ಕಿರಿಯವ. ಮಹಾಯುದ್ಧದ ತರುವಾಯ ಸಂಸಾರವು ಹಾರ್ವರ್ತ್ ಎಂಬ ಇನ್ನೊಂದು ಗಣಿಯೂರಿಗೆ ಬಂತು. ಅಲ್ಲಿ ಹುಡುಗ ಸೈಕಲಿನ ಮೇಲೆ ಮನೆಮನೆಗೆ ದಿನಸಿ ಮುಟ್ಟಿಸುತ್ತಿದ್ದ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ ಕಂಚು ಗೆದ್ದಾಗ ಆತನಿಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು. 1959ರಲ್ಲಿ ನೂರು ಪೌಂಡು ಉಳಿತಾಯ ಹಿಡಿದು ಫ್ರಾನ್ಸಿನ ಬ್ರಿಟನಿ ಪ್ರಾಂತಕ್ಕೆ ಹೋದ. ಸೈಕಲ್ ತುಳಿದು ಹೊಟ್ಟೆ ಹೊರೆಯಬೇಕಾದರೆ ಅಂದು ಹೋಗಬೇಕಾದದ್ದು ಅಲ್ಲಿಗೇ.

ಮುಂದಿನದು ಏರುಗತಿಯ ಕತೆ. 1961ರಲ್ಲಿ ಫ್ಲಾಂಡರ್ಸ್ ಪಂದ್ಯ, 1964ರಲ್ಲಿ ಮಿಲಾನ್-ಸಾನ್ ರೆಮೊ, 1965ರಲ್ಲಿ ವಿಶ್ವ ಚಾಂಪಿಯನ್ ಪಟ್ಟ. 1962ರ ಟೂರ್ ದ ಫ್ರಾನ್ಸ್‌ನಲ್ಲಿ ಒಂದು ದಿನದ ಮಟ್ಟಿಗೆ ಹಳದಿ ಅಂಗಿ ತೊಟ್ಟ. ಬ್ರಿಟಿಷನೊಬ್ಬನಿಗೆ ಆ ಮಾನ ಸಂದದ್ದು ಅದೇ ಮೊದಲು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ವೃತ್ತಿಪರ ಸವಾರನಿಗೆ ತಂಡದ ಸಂಬಳಕ್ಕಿಂತ ಹೆಚ್ಚಿನ ಆಸರೆ, ಟೂರ್ ಮುಗಿದ ಮೇಲೆ ಊರೂರಿನ ಪಂದ್ಯಗಳಿಗೆ ಬರುವ ಕರೆ. ಆ ಕರೆಗೆ ಸಿಗುವ ದುಡ್ಡು ಟೂರಿನಲ್ಲಿ ಆತ ಎಷ್ಟನೆಯವನಾದ ಎಂಬುದನ್ನು ಹೊಂದಿಕೊಂಡಿತ್ತು. ಸಿಂಪ್ಸನ್ನನಿಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಕಾರ್ಸಿಕಾ ದ್ವೀಪದಲ್ಲಿ ಒಂದು ಮನೆ ಕಟ್ಟಿಸುವ ಯೋಜನೆ ಬೇರೆ. ಮೂವತ್ತು ಸಮೀಪಿಸುತ್ತಿತ್ತು.

ಆಗ ಆ ಬಳಗದಲ್ಲಿ ಆಂಫೆಟಮಿನ್ ಮಾತ್ರೆ ಯಾರಿಗೂ ಹೊಸತಲ್ಲ. ಯುದ್ಧಕಾಲದಲ್ಲಿ ಸೈನಿಕರಿಗೆ ನಿದ್ದೆ ಬಾರದಿರಲೆಂದು ಕೊಡುತ್ತಿದ್ದ ಮದ್ದು ಅದು. ದಣಿವಿನ ಅರಿವನ್ನು ಅದು ಅಡಗಿಸುತ್ತದೆ. ಬೆಂಕಿ ಬಿದ್ದಿದೆಯೆಂದು ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದ ಹಾಗೆ. 1965ರಲ್ಲಿ ಫ್ರಾನ್ಸ್ ಸರಕಾರ ಇದರ ವಿರುದ್ಧ ಕಾನೂನು ಮಾಡಿತು. 1966ರ ಟೂರ್ ಬೋರ್ಡೊ ಪಟ್ಟಣಕ್ಕೆ ಬಂದಾಗ ವೈದ್ಯರು ಸವಾರರ ಮೂತ್ರ ಪರೀಕ್ಷೆಗೆ ಬಂದರು. ಮರುದಿನ ಸವಾರರೆಲ್ಲ ದಾರಿಯಲ್ಲಿಳಿದು ಸೈಕಲ್ ನೂಕಿಕೊಂಡು ನಡೆದು ಪ್ರತಿಭಟಿಸಿದರು!

ಎಲ್ಲರೂ ತಿಂದರೆ ಎಲ್ಲರೂ ಸಮಾನರಲ್ಲವೇ ಎಂದು ಕೇಳುವವರುಂಟು. ನಾವು ಒಪ್ಪುವುದಿಲ್ಲ. ಆಗ ಪಂದ್ಯ ಕಾಲಿನ ಬಲದ್ದಾಗಿ ಉಳಿಯದೆ, ಪ್ರಾಣವನ್ನು ಯಾರು ಹೆಚ್ಚು ಪಣಕ್ಕಿಡುವರೆಂಬ ಜೂಜಾಗುತ್ತದೆ. ತಿನ್ನಲೊಲ್ಲದೆ ಹಿಂದುಳಿದು, ಒಪ್ಪಂದ ಸಿಗದೆ ಊರಿಗೆ ಮರಳಿದವನ ಹೆಸರಂತೂ ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ.

1967ರ ಜುಲೈ 13. ಮಾರ್ಸೇಲಿನಿಂದ ಕಾರ್ಪಂತ್ರಾಸ್ ತನಕ 211 ಕಿಲೋಮೀಟರ್ ದಾರಿ. ನಡುವೆ 1900 ಮೀಟರಿಗೂ ಮಿಕ್ಕಿ ಎತ್ತರದ ವಾಂಟೂ ಪರ್ವತ. ಅದರ ನೆತ್ತಿ ಬರೇ ಬಿಳಿ ಸುಣ್ಣಕಲ್ಲು, ನೆರಳಿಗೊಂದು ಮರವಿಲ್ಲ. ಬಿಸಿಲು ಕುದಿಯುತ್ತಿತ್ತು. ಸಿಂಪ್ಸನ್ ಕೆಲವು ದಿನಗಳಿಂದ ಹೊಟ್ಟೆಯ ಬೇನೆಯಿಂದ ಬಳಲಿ ಸರಿಯಾಗಿ ಉಂಡಿರಲಿಲ್ಲ. ಅಂದಿನ ಕಟ್ಟಳೆಯಂತೆ ಸವಾರನಿಗೆ ದಿನವೊಂದಕ್ಕೆ ಸಿಗುತ್ತಿದ್ದುದು ನಾಲ್ಕೇ ಬಾಟಲಿ ನೀರು. ಮದ್ದಿನ ಜತೆ ಮದ್ಯವೂ ಹೊಟ್ಟೆ ಸೇರಿತ್ತು. ಶಿಖರ ಇನ್ನೇನು ಒಂದೂವರೆ ಕಿಲೋಮೀಟರ್ ಎನ್ನುವಾಗ ಆತನ ಸೈಕಲ್ ರಸ್ತೆಯ ಆಚೆಗೂ ಈಚೆಗೂ ಹೊಯ್ದಾಡಿತು, ಬಿದ್ದ. ಸಾಕು ನಿಲ್ಲಿಸು ಎಂದ ತಂಡದ ಮೆಕ್ಯಾನಿಕನ ಮಾತು ಕೇಳದೆ ಮತ್ತೆ ಹತ್ತಿದ. ಐನೂರು ಗಜ ದಾಟುವುದರೊಳಗೆ ಪುನಃ ಬಿದ್ದಾಗ ಬೆರಳುಗಳು ಹ್ಯಾಂಡಲನ್ನು ಬಿಡಲೊಲ್ಲವು, ಬಿಡಿಸಬೇಕಾಯಿತು. ಟೂರಿನ ವೈದ್ಯ ದ್ಯುಮಾ ರಸ್ತೆಯ ಬದಿಯಲ್ಲೇ ಶುಶ್ರೂಷೆ ಮಾಡಿ, ಹೆಲಿಕಾಪ್ಟರಿನಲ್ಲಿ ಆವಿನ್ಯೋನ್ ಆಸ್ಪತ್ರೆಗೆ ಕಳುಹಿಸಿದರು. ಸಂಜೆ 5-40ಕ್ಕೆ ಮರಣ ಘೋಷಣೆಯಾಯಿತು. ಅಂಗಿಯ ಕಿಸೆಯಲ್ಲಿ ಮಾತ್ರೆಯ ಮೂರು ಕೊಳವೆಗಳಿದ್ದವು, ಎರಡು ಖಾಲಿ. ವಯಸ್ಸು ಇಪ್ಪತ್ತೊಂಬತ್ತು.

ಸೈಕಲಿಗೆ ಮತ್ತೆ ಹತ್ತಿಸಿರೆಂದು ಆತ ಕೊನೆಯಲ್ಲಿ ಬೇಡಿದನೆಂಬ ಪ್ರಸಿದ್ಧ ಮಾತೊಂದುಂಟು. ಅದು ಸ್ಥಳದಲ್ಲೇ ಇಲ್ಲದಿದ್ದ ಪತ್ರಕರ್ತನೊಬ್ಬ ಹೆಣೆದದ್ದು. ನಮ್ಮ ವೃತ್ತಿಬಂಧುವಿನ ಕೆಲಸವೆನ್ನಲು ನಮಗೇ ನಾಚಿಕೆ. ನಿಲ್ಲೆಂದರೂ ನಿಲ್ಲದೆ ಆತ ಸೈಕಲ್ ಹತ್ತಿದ್ದೇನೋ ನಿಜ. ಆದರೆ ಆ ಹಟ ಆತನದೆಷ್ಟು, ಮಾತ್ರೆಯದೆಷ್ಟು ಎಂದು ಬಿಡಿಸಿ ಹೇಳುವವರು ಯಾರು?

ಮರುದಿನ ಸವಾರರು ತಮ್ಮೊಳಗೇ ಒಪ್ಪಿ, ಆತನ ತಂಡದವನಾದ ಬ್ಯಾರಿ ಹೋಬನ್ನನಿಗೆ ಮುಂದೆ ಹೋಗಲು ಬಿಟ್ಟರು. 1968ರ ಒಲಿಂಪಿಕ್ಸ್‌ನಲ್ಲಿ ಮದ್ದಿನ ಪರೀಕ್ಷೆ ಆರಂಭವಾಯಿತು. 1999ರಲ್ಲಿ ಅದಕ್ಕಾಗಿಯೇ ಒಂದು ವಿಶ್ವ ಸಂಸ್ಥೆ ಹುಟ್ಟಿತು. ಇಷ್ಟಾಗಿಯೂ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಏಳು ಟೂರ್ ಗೆದ್ದ, 2012ರಲ್ಲಿ ಏಳನ್ನೂ ಕಳಕೊಂಡ.

ಸಿಂಪ್ಸನ್ನನ ಸಮಾಧಿ ಹಾರ್ವರ್ತ್‌ನಲ್ಲಿದೆ. ವಾಂಟೂವಿನ ರಸ್ತೆ ಬದಿಯಲ್ಲೊಂದು ಕಲ್ಲಿನ ಸ್ಮಾರಕವೂ ಉಂಟು. ಅಲ್ಲಿಯ ತನಕ ತುಳಿದು ಬಂದವರು ಇಳಿದು, ತಮ್ಮ ಟೊಪ್ಪಿಯನ್ನೋ ನೀರಿನ ಬಾಟಲಿಯನ್ನೋ ಅದರ ಬುಡದಲ್ಲಿಟ್ಟು ಮುಂದೆ ಹತ್ತುತ್ತಾರೆ.