ಮಹಾವೀರಾಚಾರ್ಯರು: ಆಯತವೃತ್ತವನ್ನು ಅಳೆದ ನಮ್ಮ ನಾಡಿನ ಜೈನ ಗಣಿತಜ್ಞ

ಮಹಾವೀರಾಚಾರ್ಯರೆಂದರೆ ಇಪ್ಪತ್ನಾಲ್ಕನೇ ತೀರ್ಥಂಕರರಲ್ಲ. ಅವರ ಹೆಸರನ್ನೇ ಹೊತ್ತು, ಒಂಬತ್ತನೇ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ಬಾಳಿದ ಜೈನ ಗಣಿತಜ್ಞರು ಇವರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲ ಅದು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಅಂದಿನ ರಾಜಧಾನಿ ಮಾನ್ಯಖೇಟ. ಆದಿಪುರಾಣ ಬರೆದ ಜಿನಸೇನಾಚಾರ್ಯರೂ ಅದೇ ಕಾಲದವರು.

ಸುಮಾರು ಕ್ರಿ.ಶ. 850ರಲ್ಲಿ ಆಚಾರ್ಯರು ಸಂಸ್ಕೃತ ಪದ್ಯಗಳಲ್ಲಿ 'ಗಣಿತಸಾರಸಂಗ್ರಹ' ರಚಿಸಿದರು. ಮೊದಲಿಗೆ ಭಗವಾನ್ ಮಹಾವೀರರಿಗೆ ನಮಸ್ಕಾರ, ಬಳಿಕ ಅಮೋಘವರ್ಷನ ಸ್ತುತಿ, ಆಮೇಲೆ ಗಣಿತದ ಮಹಿಮೆ. ಅಡುಗೆ, ವೈದ್ಯ, ಸಂಗೀತ, ವಾಸ್ತು ಎಲ್ಲಕ್ಕೂ ಲೆಕ್ಕ ಬೇಕೆಂಬುದು ಅವರ ನಿಲುವು. ಅಲ್ಲಿಯವರೆಗೆ ಗಣಿತವನ್ನು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಭಾಗವಾಗಿ ಬರೆಯುತ್ತಿದ್ದರು. ಇವರು ಗಣಿತಕ್ಕೆಂದೇ ಪ್ರತ್ಯೇಕ ಗ್ರಂಥ ಬರೆದರು. ಬಡ್ಡಿ, ಪಾಲುದಾರಿಕೆ, ಚಿನ್ನದ ಬಣ್ಣ ಬೆರಕೆ, ಹೀಗೆ ಟಿನ್ ಫ್ಯಾಕ್ಟರಿ ಸುತ್ತ ಅಂಗಡಿ ಇಟ್ಟಿರುವ ನಮ್ಮಂಥವರಿಗೂ ಗುರುತು ಸಿಗುವ ಲೆಕ್ಕಗಳು ಅದರಲ್ಲಿವೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಅವರು ಸ್ಪಷ್ಟವಾಗಿ ತಿಳಿಸಿದ್ದಾರೆ.

ಕ್ಷೇತ್ರಗಣಿತದ ಅಧ್ಯಾಯದಲ್ಲಿ 'ಆಯತವೃತ್ತ' ಬರುತ್ತದೆ. ಉದ್ದಕ್ಕೆ ಎಳೆದ ವೃತ್ತ, ಅಂದರೆ ಇಂದಿನ ಪಿಯುಸಿ ಮಕ್ಕಳು ಓದುವ ದೀರ್ಘವೃತ್ತ. ಅದರ ಸುತ್ತಳತೆಗೆ ಅವರು ಎರಡು ಸೂತ್ರ ಕೊಟ್ಟರು. ಒಂದು ವ್ಯಾವಹಾರಿಕ: ದೊಡ್ಡ ವ್ಯಾಸಕ್ಕೆ ಚಿಕ್ಕ ವ್ಯಾಸದ ಅರ್ಧ ಕೂಡಿಸಿ ಎರಡರಿಂದ ಗುಣಿಸುವುದು. ಇನ್ನೊಂದು ಸೂಕ್ಷ್ಮ: ಚಿಕ್ಕ ವ್ಯಾಸದ ವರ್ಗವನ್ನು 6ರಿಂದ ಗುಣಿಸಿ, ದೊಡ್ಡ ವ್ಯಾಸದ ಎರಡರಷ್ಟರ ವರ್ಗವನ್ನು ಕೂಡಿಸಿ, ವರ್ಗಮೂಲ ತೆಗೆಯುವುದು.

6 ಅಡಿ ಉದ್ದ, 3 ಅಡಿ ಅಗಲದ ಮೊಟ್ಟೆಯಾಕಾರದ ಊಟದ ಮೇಜಿಗೆ ಸುತ್ತ ಪಟ್ಟಿ ಹೊಡೆಯಬೇಕು ಅನ್ನೋಣ. ಮೊದಲ ಸೂತ್ರದಂತೆ 15 ಅಡಿ. ಎರಡನೆಯದರಂತೆ 54 ಮತ್ತು 144 ಕೂಡಿ 198, ಅದರ ವರ್ಗಮೂಲ ಸುಮಾರು 14.07 ಅಡಿ. ಇಂದಿನ ಲೆಕ್ಕದಲ್ಲಿ ಸುಮಾರು 14.53 ಅಡಿ. ಆರು ಇಂಚಿಗಿಂತ ಕಡಿಮೆ ವ್ಯತ್ಯಾಸ! ದೀರ್ಘವೃತ್ತದ ಸುತ್ತಳತೆಗೆ ಪೂರ್ತಿ ನಿಖರವಾದ ಸರಳ ಸೂತ್ರ ಇಂದಿಗೂ ಇಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಆದರೆ ಕ್ಷೇತ್ರಫಲದ ಸೂತ್ರ ಸರಿಯಿಲ್ಲ. ವೃತ್ತದಲ್ಲಿ ಸುತ್ತಳತೆಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ ಬರುತ್ತದೆ. ಆಚಾರ್ಯರು ಇದನ್ನೇ ಚಿಕ್ಕ ವ್ಯಾಸ ಹಿಡಿದು ಆಯತವೃತ್ತಕ್ಕೂ ಅನ್ವಯಿಸಿದರು. ನಮ್ಮ ಮೇಜಿಗೆ ಹೀಗೆ ಸುಮಾರು 10.55 ಚದರ ಅಡಿ ಬರುತ್ತದೆ. ನಿಜವಾದ ಉತ್ತರ ಎರಡೂ ವ್ಯಾಸಗಳ ಗುಣಲಬ್ಧದ 14ರಲ್ಲಿ 11 ಪಾಲು, ಅಂದರೆ ಸುಮಾರು 14.14. ಗ್ರೀಕರ ಆರ್ಕಿಮಿಡೀಸ್ ಸರಿಯಾದ ಕ್ಷೇತ್ರಫಲವನ್ನು ಮೊದಲೇ ಕಂಡುಕೊಂಡಿದ್ದ.

ನಮ್ಮವರೆಂಬ ಅಭಿಮಾನದಿಂದ ಇದನ್ನು ಮುಚ್ಚಿಡಬೇಕೇ? ಬೇಡ. ತೂಕದಲ್ಲಿ ಸುಳ್ಳು ಸೇರಿಸದಿರುವುದು ಶ್ರಾವಕನ ವ್ರತ. ಹೊಗಳಿಕೆಗೂ ಅದು ಸಲ್ಲುತ್ತದೆ. ಒರಟು ಲೆಕ್ಕ ಯಾವುದು, ಸೂಕ್ಷ್ಮ ಲೆಕ್ಕ ಯಾವುದು ಎಂದು ಬೇರೆಬೇರೆಯಾಗಿ ಹೇಳಿದ ಆಚಾರ್ಯರಿಗೆ ಸುಳ್ಳು ಹೊಗಳಿಕೆಯ ಅಗತ್ಯವೂ ಇಲ್ಲ.

ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದರು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಮದರಾಸಿನಲ್ಲಿ ಅಚ್ಚಾಯಿತು. ಡಾ. ಪದ್ಮಾವತಮ್ಮ ಅವರ ಕನ್ನಡ ಅನುವಾದವನ್ನು 2000ದಲ್ಲಿ ಹೊಂಬುಜ ಜೈನ ಮಠ ಪ್ರಕಟಿಸಿದೆ. ಪಾಠಶಾಲೆಯ ಮಕ್ಕಳಿಗೆ ಅದರಿಂದ ತಿಂಗಳಿಗೊಂದು ಲೆಕ್ಕ ಮಾಡಿಸಿದರೆ ಆಚಾರ್ಯರ ಹೆಸರು ಉಳಿಯುತ್ತದೆ.

ಜೈ ಜಿನೇಂದ್ರ.