ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ

ಹೊಸನಗರ ತಾಲ್ಲೂಕಿನ ಹೊಂಬುಜವು ತನ್ನ ಹೆಸರಿನಲ್ಲಿಯೇ ಹೊನ್ನನ್ನು ಧರಿಸಿರುವ ಪುಣ್ಯಕ್ಷೇತ್ರ. ಉತ್ತರ ಮಥುರೆಯಿಂದ ಪದ್ಮಾವತೀದೇವಿಯ ಬಿಂಬದೊಡನೆ ಬಂದ ಜಿನದತ್ತರಾಯನು ಲಕ್ಕಿಗಿಡದ ಬಳಿ ನೆಲೆನಿಂತನೆಂದೂ, ದೇವಿಯ ಬಿಂಬಕ್ಕೆ ಮುಟ್ಟಿಸಿದ ಕಬ್ಬಿಣವು ಬಂಗಾರವಾಗುತ್ತಿತ್ತೆಂದೂ ಸ್ಥಳಪುರಾಣವು ಸಾರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶ್ರಾವಕರಿಗೆ ಈ ಕಥೆ ಹೊಸದಲ್ಲ. ಆದರೆ ಅದೇ ಊರಿನಲ್ಲಿ, ವ್ಯಾಪಾರದಿಂದ ಗಳಿಸಿದ ಹೊನ್ನನ್ನು ಧರ್ಮಕ್ಕೆ ಸುರಿದ ವರ್ತಕನೊಬ್ಬನು ಬಾಳಿದನೆಂಬುದನ್ನು ಸ್ಮರಿಸುವವರು ಕಡಿಮೆ. ಆತನೇ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ.

ಕ್ರಿ.ಶ. 11ನೆಯ ಶತಮಾನದ ಮಧ್ಯಭಾಗ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಸಾಮಂತನಾಗಿ ವೀರಸಾಂತರನು ಹೊಂಬುಜದಿಂದ ಆಳುತ್ತಿದ್ದ ಕಾಲ. ಪಟ್ಟಣದ ವರ್ತಕಸಮೂಹಕ್ಕೆ ಮುಖ್ಯಸ್ಥನಾದವನಿಗೆ ಪಟ್ಟಣಸ್ವಾಮಿಯೆಂಬ ಗೌರವವು ಸಲ್ಲುತ್ತಿತ್ತು. ನೊಕ್ಕಯ್ಯನಿಗೆ ಇದಲ್ಲದೆ ಸಮ್ಯಕ್ತ್ವವಾರಾಶಿ, ಎಂದರೆ ಸಮ್ಯಗ್ದರ್ಶನದ ಸಾಗರ, ಎಂಬ ಬಿರುದೂ ಇದ್ದಿತು. ತತ್ತ್ವಾರ್ಥಸೂತ್ರಕ್ಕೆ ಕನ್ನಡದಲ್ಲಿ ವೃತ್ತಿಯನ್ನು ರಚಿಸಿದ ದಿವಾಕರನಂದಿ ಸಿದ್ಧಾಂತದೇವರು ಆತನ ಗುರುಗಳು.

ಕ್ರಿ.ಶ. 1062ರಲ್ಲಿ ಆತನು ಹೊಂಬುಜದಲ್ಲಿ ಪಟ್ಟಣಸ್ವಾಮಿ ಜಿನಾಲಯವನ್ನು ಕಟ್ಟಿಸಿದನು. ವೀರಸಾಂತರನು ಅದಕ್ಕೆ ಮೊಳಕೆರೆ ಗ್ರಾಮವನ್ನು ದತ್ತಿಯಾಗಿ ನೀಡಿದನು. ಚಿನ್ನ, ಬೆಳ್ಳಿ, ಹವಳ, ರತ್ನ ಹಾಗೂ ಪಂಚಲೋಹಗಳಲ್ಲಿ ನೊಕ್ಕಯ್ಯನು ಬಿಂಬಗಳನ್ನು ಮಾಡಿಸಿದನೆಂದು ಶಾಸನವು ತಿಳಿಸುತ್ತದೆ. ಕೇವಲ ಶ್ರೀಮಂತಿಕೆಯ ಪ್ರದರ್ಶನವೇ ಉದ್ದೇಶವಾಗಿದ್ದರೆ ಚಿನ್ನವೊಂದೇ ಸಾಕಾಗಿತ್ತು. ದ್ರವ್ಯಗಳ ಗುಣವನ್ನರಿತವರಿಗೆ ಈ ವೈವಿಧ್ಯದ ಬೆಲೆ ತಿಳಿಯದಿರದು.

ಅಪರಂಜಿಯು ಎಂದಿಗೂ ಕಂದುವುದಿಲ್ಲ. ಉಳಿಯ ತುದಿಗೆ ಸುಲಭವಾಗಿ ಒಲಿಯುತ್ತದೆ. ಆದರೆ ಅದೇ ಮೃದುತ್ವದಿಂದಾಗಿ ನಿತ್ಯವೂ ಒರಸಿದಲ್ಲಿ ಗೆರೆಗಳು ಸವೆಯುತ್ತವೆ. ಬೆಳ್ಳಿಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯ. ಗಂಧಕದ ಅಂಶವುಳ್ಳ ಗಾಳಿ ತಗುಲಿದರೆ ಅದು ಕಪ್ಪಾಗುತ್ತದೆ. ಹವಳವು ಹುಳಿಯನ್ನು ಸಹಿಸದು. ರತ್ನವು ಉಳಿಗೆ ಬಗ್ಗುವುದಿಲ್ಲ, ಅದನ್ನು ಗಟ್ಟಿಯಾದ ಕಲ್ಲಿನ ಪುಡಿಯಿಂದ ಉಜ್ಜಿಯೇ ರೂಪಕ್ಕೆ ತರಬೇಕು. ಬರಿಯ ತಾಮ್ರವನ್ನು ಎರಕ ಹೊಯ್ದರೆ ಗುಳ್ಳೆಗಳೇಳುತ್ತವೆ. ಮಲೆನಾಡಿನ ತೇವದಲ್ಲಿ ಕಿಲುಬೂ ಬೇಗ ಹಿಡಿಯುತ್ತದೆ.

ನಿತ್ಯಾಭಿಷೇಕದ ಬಿಂಬಕ್ಕೆ ಪಂಚಲೋಹವು ಯೋಗ್ಯವೆನಿಸಿರುವುದು ಈ ಕಾರಣದಿಂದಲೇ. ತಾಮ್ರವೇ ಅದರಲ್ಲಿ ಪ್ರಧಾನ. ತವರ ಅಥವಾ ಸತು ಬೆರೆತಾಗ ಎರಕವು ಗಟ್ಟಿಯಾಗುತ್ತದೆ. ಸ್ವಲ್ಪ ಸೀಸವು ಸೇರಿದಾಗ ಕರಗಿದ ಲೋಹವು ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಉಳಿಯೂ ತಡೆಯಿಲ್ಲದೆ ಸಾಗುತ್ತದೆ. ಸೀಸ ಹೆಚ್ಚಾದರೆ ಬಿಂಬವು ದುರ್ಬಲವಾಗುತ್ತದೆ. ಚಿನ್ನ ಬೆಳ್ಳಿಗಳು ಅಲ್ಪಪ್ರಮಾಣದಲ್ಲಿ ಮಂಗಳಾರ್ಥವಾಗಿ ಸೇರುತ್ತವೆ.

ಒಂದು ಲೋಹದಲ್ಲಿ ಮತ್ತೊಂದನ್ನು ಕೂರಿಸುವ ಕೆಲಸದಲ್ಲಿಯೂ ಇದೇ ವಿವೇಕವು ಬೇಕು. ತಳವು ಗಟ್ಟಿಯಾಗಿರಬೇಕು, ಕೂರಿಸುವುದು ಮೃದುವಾಗಿರಬೇಕು. ಕೊರೆದ ಗೀರಿನ ಒಳಭಾಗವನ್ನು ಬಾಯಿಗಿಂತ ಅಗಲವಾಗಿಸಿ ಬೆಳ್ಳಿಯ ತಂತಿಯನ್ನಿಟ್ಟು ಬಡಿದರೆ ಅದು ಹರಡಿ ಕಚ್ಚಿಕೊಳ್ಳುತ್ತದೆ. ಪಶ್ಚಿಮ ಭಾರತದ ಪ್ರಾಚೀನ ಜಿನಬಿಂಬಗಳಲ್ಲಿ ಕಣ್ಣುಗಳಿಗೆ ಬೆಳ್ಳಿಯನ್ನು ಹೀಗೆ ಕೂರಿಸಿರುವುದುಂಟು. ನೊಕ್ಕಯ್ಯನ ಕಾಲಕ್ಕಿಂತ ಬಹಳ ಈಚೆಗೆ ಬೀದರಿನಲ್ಲಿ ಬೆಳೆದ ಬಿದರಿ ಕಲೆಯು ಸತುವಿನ ತಳದ ಮೇಲೆ ಬೆಳ್ಳಿಯನ್ನು ಕೂರಿಸಿ ಲೋಕಪ್ರಸಿದ್ಧವಾಯಿತು.

ಆದರೆ ಲೋಹವೆಷ್ಟೇ ಶ್ರೇಷ್ಠವಾದರೂ ಬಸದಿಯ ದೀಪಕ್ಕೆ ಎಣ್ಣೆ, ಅಭಿಷೇಕಕ್ಕೆ ಹಾಲು, ಮುನಿಗಳಿಗೆ ಆಹಾರ ಬರುವುದು ಗದ್ದೆಯಿಂದ. ಗದ್ದೆಗೆ ಬೇಕಾದುದು ನೀರು. ನೊಕ್ಕಯ್ಯನು ಸಾಂತಗೆರೆ, ಮೊಳಕೆರೆ, ಪಟ್ಟಣಸ್ವಾಮಿಗೆರೆ ಮೊದಲಾದ ಕೆರೆಗಳನ್ನು ಕಟ್ಟಿಸಿದನು. 100 ಗದ್ಯಾಣ ಹೊನ್ನನ್ನು ವ್ಯಯಿಸಿ ಹೊಳೆಯ ನೀರನ್ನು ಕೆರೆಯೊಂದಕ್ಕೆ ತಿರುಗಿಸಿದನು. ಆ ಹೊನ್ನಿನಿಂದ ಇನ್ನೂ ಕೆಲವು ಬಿಂಬಗಳನ್ನು ಮಾಡಿಸಬಹುದಾಗಿತ್ತು. ಆತನು ಅದನ್ನು ನೀರಾಗಿಸಿದನು. ಜಿನನಿಗೆ ಸಲ್ಲಬೇಕಾದ ಚಿನ್ನ ಜಿನನಿಗೆ, ಜನಕ್ಕೆ ಸಲ್ಲಬೇಕಾದ ಚಿನ್ನ ಜನಕ್ಕೆ ಸಂದಿತು.

1904ರಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ ಸಾಗರ, ನಗರ, ತೀರ್ಥಹಳ್ಳಿ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು ಪ್ರಕಟಿಸಿದಾಗ ಈ ವರ್ತಕನ ಚರಿತ್ರೆಯು ಬೆಳಕಿಗೆ ಬಂದಿತು. ಲೋಹವನ್ನು ಕರಗಿಸಬಹುದು, ಕದಿಯಬಹುದು; ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಆ ಭಯವಿಲ್ಲ. ಒಂಬೈನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡ ಶಿಲೆಯೇ ಆತನ ದಾನಕ್ಕೆ ಸಾಕ್ಷಿ.

ನೂತನ ಬಿಂಬವನ್ನು ಪ್ರತಿಷ್ಠಾಪಿಸುವ ಸಂದರ್ಭದಲ್ಲಿ ದಾನಿಗಳು ತೂಕವನ್ನೂ ಹೊಳಪನ್ನೂ ಮಾತ್ರ ನೋಡದೆ, ಯಾವ ದ್ರವ್ಯವು ಯಾವ ಸೇವೆಗೆ ಯೋಗ್ಯವೆಂದು ಶಿಲ್ಪಿಗಳೊಡನೆ ವಿಚಾರಿಸುವುದು ಉಚಿತ. ಮುಂದಿನ ನಿತ್ಯಪೂಜೆಗೂ ಅಂದೇ ಏರ್ಪಾಡು ಮಾಡುವುದು ಅದಕ್ಕಿಂತಲೂ ಉಚಿತ. ನೊಕ್ಕಯ್ಯಸೆಟ್ಟಿಯು ನಡೆದು ತೋರಿದ ದಾರಿಯಿದು.